ಹಿತ್ತಲ ಮಾತು: ಉದುರಿದ ಎಲೆ ಕಸವಲ್ಲ, ನೆಲದ ಕಂಬಳಿ



ಸಂಕ್ರಾಂತಿಯ ಎಳ್ಳುಬೆಲ್ಲ ಬೀರಿ ಮುಗಿಸಿ, ಡಬ್ಬಿ ತಟ್ಟೆಗಳನ್ನು ತೊಳೆದು ಅಟ್ಟಕ್ಕೆ ಸೇರಿಸುವಷ್ಟರಲ್ಲಿ ನಮಗೆಲ್ಲ ಇನ್ನೊಂದು ಕೆಲಸ ಗಂಟುಬೀಳುತ್ತದೆ. ಅದೇ ಎಲೆ ಗುಡಿಸುವ ಕೆಲಸ. ತೇಗದ ಮರ ಆಗಲೇ ಬೋಳಾಗಿ ನಿಂತಿರುತ್ತದೆ. ಅದರ ಹಿಂದೆಯೇ ಹೊಂಗೆ, ಅರಳಿ, ಬೇವು ಸರದಿಯ ಮೇಲೆ ಉದುರಿಸಲು ಶುರು. ಬೆಳಿಗ್ಗೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಟ್ಟು ಒಳಗೆ ಬಂದು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಅಂಗಳದ ತುಂಬ ಮತ್ತೆ ಎಲೆ! ಮಾವು, ಹಲಸು ಇದ್ದವರ ಪಾಡಂತೂ ಕೇಳಲೇಬೇಡಿ. ಅವಕ್ಕೆ ವರ್ಷವಿಡೀ ಅಷ್ಟಷ್ಟು ಉದುರಿಸುವುದೇ ಕಸುಬು.

ಹೀಗೆ ಗುಡಿಸಿದ ಎಲೆಯನ್ನು ಏನು ಮಾಡುತ್ತೀರಿ? ಕೆಲವರು ಸಿಮೆಂಟಿನ ಖಾಲಿ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಸದ ಗಾಡಿ ಬರುವ ಹೊತ್ತಿಗೆ ಗೇಟಿನ ಹೊರಗೆ ಇಡುತ್ತಾರೆ. ಕೆಲವರು ಹಿತ್ತಲ ಮೂಲೆಗೆ ಎಳೆದು ಕಡ್ಡಿ ಗೀರುತ್ತಾರೆ. ಇನ್ನೂ ಹಂಡೆಯ ಒಲೆ ಇಟ್ಟುಕೊಂಡಿರುವ ಮನೆಗಳಲ್ಲಿ ಸ್ನಾನದ ನೀರು ಕಾಯಿಸಲು ಬಳಸುತ್ತಾರೆ. ಆ ಕೊನೆಯವರ ಮಾತು ಬೇರೆ, ಅವರು ಎಲೆಯಿಂದ ಒಂದು ಉಪಯೋಗವನ್ನಾದರೂ ಪಡೆದರು. ನಾನು ಹೇಳಹೊರಟಿರುವುದು ಮೊದಲಿನ ಎರಡು ಬಗೆಯವರಿಗೆ.

ಒಂದು ಲೆಕ್ಕ ಹಾಕಿ ನೋಡಿ. ಜನವರಿ, ಫೆಬ್ರವರಿಯಲ್ಲಿ ನಮ್ಮ ಗೇಟಿನಿಂದ ಎಲೆಯ ಚೀಲ ಹೊರಗೆ ಹೋಗುತ್ತದೆ. ಮಾರ್ಚಿ ಬಂತೆಂದರೆ ನರ್ಸರಿಯಿಂದ ಗೊಬ್ಬರದ ಚೀಲ, ತೆಂಗಿನ ನಾರಿನ ಪುಡಿಯ ಚೀಲ ದುಡ್ಡು ಕೊಟ್ಟು ಒಳಗೆ ಬರುತ್ತದೆ. ಒಂದು ಚೀಲ ಹೊರಗೆ, ಒಂದು ಚೀಲ ಒಳಗೆ. ಹೊರಗೆ ಹೋದದ್ದರಲ್ಲಿ ಏನಿತ್ತೋ, ಒಳಗೆ ಬಂದದ್ದರಲ್ಲಿಯೂ ಬಹುಪಾಲು ಅದೇ ಇರುತ್ತದೆ. ಬಾಗಿಲಿಗೆ ಬಂದ ಲಕ್ಷ್ಮಿಯನ್ನು ನಾವೇ ಚೀಲದಲ್ಲಿ ಕಟ್ಟಿ ಸಾಗಹಾಕಿದಂತೆ ಆಗಲಿಲ್ಲವೇ?

ಮರಕ್ಕೆ ತಿಳಿದದ್ದು

ಮರ ಎಲೆ ಉದುರಿಸುವ ಕಾಲ ಯಾವುದು? ಚಳಿ ಕಳೆದು ಬಿಸಿಲು ಏರುವ ಮುನ್ನ. ನೆಲ ಒಣಗಿ ಬಿರಿಯುವ ಕಾಲ ಯಾವುದು? ಅದರ ಮರು ತಿಂಗಳೇ. ಅಂದರೆ ನೆಲಕ್ಕೆ ಹೊದಿಕೆ ಬೇಕಾಗುವ ಹೊತ್ತಿಗೆ ಸರಿಯಾಗಿ ಮರ ಹೊದಿಕೆಯನ್ನು ಕೆಳಗೆ ಹಾಕುತ್ತದೆ. ತನ್ನ ಬೇರಿನ ಮೇಲೆ ತಾನೇ ಕಂಬಳಿ ಹೊದ್ದುಕೊಂಡು ಬೇಸಿಗೆಗೆ ಸಿದ್ಧವಾಗುತ್ತದೆ. ಕಾಡಿನಲ್ಲಿ ಯಾರೂ ನೀರು ಹಾಕುವುದಿಲ್ಲ, ಗೊಬ್ಬರ ಹಾಕುವುದಿಲ್ಲ, ಆದರೂ ಅಲ್ಲಿ ಎಲೆ ಸರಿಸಿ ಮಣ್ಣು ಮುಟ್ಟಿ ನೋಡಿದರೆ ಏಪ್ರಿಲ್ಲಿನಲ್ಲಿಯೂ ಬೆರಳಿಗೆ ತಂಪು ತಗಲುತ್ತದೆ. ನಮ್ಮ ಹಿತ್ತಲಲ್ಲಿ ನಾವು ಆ ಕಂಬಳಿಯನ್ನು ಕಿತ್ತು ಎಸೆದು, ಬರಿಮೈ ನೆಲಕ್ಕೆ ದಿನವೂ ಕೊಡಗಟ್ಟಲೆ ನೀರು ಹೊಯ್ಯುತ್ತೇವೆ.

ಹೀಗೆ ನೆಲಕ್ಕೆ ಎಲೆ, ಹುಲ್ಲು ಹೊದಿಸುವುದಕ್ಕೆ ನಮ್ಮ ಕಡೆ ಮುಚ್ಚಿಗೆ ಎನ್ನುತ್ತಾರೆ. ಇದೇನು ಪರದೇಶದಿಂದ ಬಂದ ಹೊಸ ವಿದ್ಯೆಯಲ್ಲ. ಶಿರಸಿ, ಸಾಗರದ ಕಡೆಯಿಂದ ಬಂದ ಸೋದರಿಯರನ್ನು ಕೇಳಿ. ಒಣಗಿದ ಎಲೆಗೆ ಅವರಲ್ಲಿ ದರಕು ಎಂಬ ಹೆಸರೇ ಇದೆ. ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ, ಕಲ್ಲಿಯಲ್ಲಿ ಹೊತ್ತು ತಂದು, ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸುತ್ತಾರೆ. ಸಗಣಿ ಗಂಜಲ ಕುಡಿದ ಅದೇ ದರಕು ಗೊಬ್ಬರಗುಂಡಿಗೆ ಹೋಗಿ, ಅಲ್ಲಿಂದ ಅಡಿಕೆ ತೋಟಕ್ಕೆ. ಉತ್ತರ ಕನ್ನಡದ ಅಡಿಕೆ ತೋಟಿಗರಿಗೆ ಸೊಪ್ಪು, ದರಕು ತರುವುದಕ್ಕೆಂದೇ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಒಂದು ಎಕರೆ ತೋಟಕ್ಕೆ ಹಲವು ಎಕರೆ ಬೆಟ್ಟ! ಎಲೆಯ ಬೆಲೆ ತಿಳಿದವರು ಅಷ್ಟು ಜಾಗವನ್ನು ಎಲೆಗಾಗಿಯೇ ಬಿಟ್ಟುಕೊಂಡರು. ನಾವಾದರೋ ಕಾಲಬುಡಕ್ಕೆ ಬಂದು ಬಿದ್ದದ್ದನ್ನು ಕಸ ಎನ್ನುತ್ತೇವೆ.

ಬಯಲುಸೀಮೆಯಲ್ಲಿಯೂ ಹೊಂಗೆಯ ಸೊಪ್ಪನ್ನು ಗದ್ದೆಗೆ ತುಳಿಸುವ ಪದ್ಧತಿ ಹಳೆಯದು. ಶುಂಠಿ, ಅರಿಶಿನ ಬೆಳೆಯುವವರು ಗಡ್ಡೆ ಊರಿದ ಕೂಡಲೇ ಮಡಿಯ ಮೇಲೆ ಸೊಪ್ಪು ಹೊದಿಸುತ್ತಾರೆ. ಜಪಾನಿನ ಮಸನೊಬು ಫುಕುವೋಕಾ ಎಂಬ ರೈತರು ತಮ್ಮ ಹೊಲದ ಹುಲ್ಲನ್ನೆಲ್ಲ ಹೊಲಕ್ಕೇ ಹರಡುವ ಬೇಸಾಯದ ಬಗ್ಗೆ 1975ರಲ್ಲಿ ಪುಸ್ತಕ ಬರೆದು ಲೋಕಪ್ರಸಿದ್ಧರಾದರು. ಅವರಿಂದ ಸ್ಫೂರ್ತಿ ಪಡೆದ ನಮ್ಮ ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ಊರೂರಿಗೆ ಹೋಗಿ ರೈತರಿಗೆ ಸಾವಯವ ಬೇಸಾಯದ ಪಾಠ ಹೇಳಿದರು. ಹೊಲಕ್ಕೆ ಹೇಳಿದ್ದು ಹಿತ್ತಲಿಗೂ ಸಲ್ಲುತ್ತದೆ.

ಬೆಂಕಿ ಇಟ್ಟರೆ ಯಾರಿಗೆ ನಷ್ಟ?

ಈಗ ಬೆಂಕಿಯ ಮಾತು. ನಮ್ಮ ಬೀದಿಯ ತುದಿಯಲ್ಲಿ ಒಂದು ಖಾಲಿ ನಿವೇಶನವಿದೆ. ಬೀದಿಯ ಹೊಂಗೆ ಮರಗಳ ಎಲೆಯೆಲ್ಲ ಅಲ್ಲಿ ರಾಶಿ ಬೀಳುತ್ತಿತ್ತು. ಬೆಳಿಗ್ಗೆ ಆರೂವರೆಗೆ ಅದಕ್ಕೆ ಬೆಂಕಿ. ಇಬ್ಬನಿಗೆ ನೆನೆದ ಎಲೆ ಧಗಧಗ ಉರಿಯುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತದೆ. ಚಳಿಗಾಲದ ಬೆಳಿಗ್ಗೆ ಆ ಹೊಗೆ ಮೇಲೇರದೆ ನೆಲಮಟ್ಟದಲ್ಲೇ ಬೀದಿಯುದ್ದ ಹರಡಿಕೊಳ್ಳುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಉಬ್ಬಸ. ಎಪ್ಪತ್ತೆಂಟರ ಜೀವ. ಕಿಟಕಿ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂತಿರುತ್ತಿದ್ದರು. ಒಂದು ದಿನ ಹುಳಿಪುಡಿ ಕೊಡಲೆಂದು ಹೋದಾಗ, “ನೋಡಮ್ಮಾ, ಊಟಕ್ಕೇನು ಕೊರತೆ ಇಲ್ಲ, ಮಗ ಸೊಸೆ ಚೆನ್ನಾಗೇ ನೋಡ್ಕೋತಾರೆ. ಉಸಿರಿಗೆ ಮಾತ್ರ ದಿನಾ ಬೆಳಿಗ್ಗೆ ಭಿಕ್ಷೆ ಬೇಡ್ಬೇಕು” ಅಂದರು. ಆ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು.

ಬೀದಿ ಗುಡಿಸುವ ಹೆಣ್ಣುಮಗಳನ್ನು ಕೇಳಿದೆ. “ಅಕ್ಕಾ, ಗಾಡೀಲಿ ಇಷ್ಟಕ್ಕೆಲ್ಲ ಜಾಗ ಎಲ್ಲಿ? ನಾನೇನು ಆಸೆಗೆ ಹಚ್ತೀನಾ? ಮೊದ್ಲು ಹೊಗೆ ಕುಡಿಯೋಳು ನಾನೇ” ಅಂದಳು. ಅದೂ ನಿಜವೇ. ತಪ್ಪು ಅವಳದೆಂದು ಬೈದು ಬಂದರೆ ಏನು ಪ್ರಯೋಜನ? ಎಲೆಗೆ ಹೋಗಲು ಬೇರೆ ಜಾಗ ತೋರಿಸಿದರೆ ತಾನೇ ಬೆಂಕಿ ನಿಲ್ಲುವುದು? ನಾವು ಮೂರು ಮನೆಯವರು ಮಾತಾಡಿಕೊಂಡೆವು. ಪ್ಲಾಸ್ಟಿಕ್ಕು, ಗುಟ್ಕಾ ಚೀಟಿ ಆರಿಸಿ, ಬರಿಯ ಎಲೆಯನ್ನು ನಮ್ಮ ಗೇಟಿನೊಳಗೆ ಸುರಿದು ಹೋಗು ಎಂದು ಅವಳಿಗೆ ಹೇಳಿದೆವು. ಅವಳಿಗೂ ಹೊರುವ ದೂರ ಕಡಿಮೆಯಾಯಿತು. ಹಬ್ಬಕ್ಕೆ ಅವಳ ಕೈಗೂ ಒಂದಿಷ್ಟು ಬಿತ್ತು. ಅಜ್ಜಿಯ ಕಿಟಕಿ ಈಗ ಬೆಳಿಗ್ಗೆ ತೆರೆದಿರುತ್ತದೆ. ಉಬ್ಬಸ ಹೋಯಿತೆಂದು ನಾನು ಹೇಳುವುದಿಲ್ಲ. ಅದಕ್ಕೆ ಡಾಕ್ಟರು, ಔಷಧ ಇದ್ದೇ ಇದೆ. ಬೆಳಗಿನ ಹೊಗೆಯ ಕಾಟವೊಂದು ತಪ್ಪಿತು, ಅಷ್ಟೇ. ಆ ವಯಸ್ಸಿಗೆ ಅದೇನು ಸಣ್ಣದಲ್ಲ.

ಎಲೆಯ ಹೊಗೆ ಎಂದು ಹಗುರಾಗಿ ಕಾಣಬೇಡಿ. ಅದರಲ್ಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮಕ್ಕಳು, ಬಸುರಿಯರು, ವಯಸ್ಸಾದವರಿಗೆ ಹೆಚ್ಚು ತೊಂದರೆ. ನಡುವೆ ಒಂದು ಪ್ಲಾಸ್ಟಿಕ್ ಚೀಲ ಸೇರಿದ್ದರಂತೂ ವಿಷಕ್ಕೆ ವಿಷ ಸೇರಿದಂತೆ. ಇನ್ನು ಸುಟ್ಟರೆ ಗಿಡಕ್ಕೆ ಸಿಗುವುದೇನು? ಹಿಡಿ ಬೂದಿ. ಅದರಲ್ಲಿ ಪೊಟ್ಯಾಷ್, ಸುಣ್ಣದ ಅಂಶ ಉಳಿದಿರುತ್ತದೆ, ನಿಜ. ಆದರೆ ಮಣ್ಣನ್ನು ಮೆತ್ತಗೆ ಮಾಡುವ ಅಂಶ, ಸಾರಜನಕ, ಎರಡೂ ಹೊಗೆಯ ಜೊತೆ ಆಕಾಶಕ್ಕೆ.

ಕಾನೂನೂ ಇದನ್ನು ಒಪ್ಪುವುದಿಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ ಊರ ಕಸದ ದುರವಸ್ಥೆಯ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದೇ ಮೊಕದ್ದಮೆ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಬಂದು, 2016ರ ಡಿಸೆಂಬರಿನಲ್ಲಿ ತೀರ್ಪಾಯಿತು. ಬಯಲಲ್ಲಿ ಕಸ ಸುಡುವುದನ್ನು ದೇಶದಲ್ಲೆಲ್ಲ ನಿಷೇಧಿಸಿ, ಸುಟ್ಟವರಿಗೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟವರಿಗೆ 25,000 ರೂಪಾಯಿ ದಂಡವೆಂದು ಆದೇಶವಾಯಿತು. ಒಬ್ಬ ಹೆಂಗಸು ಹಿಡಿದ ಹಟ ಎಲ್ಲಿಯವರೆಗೆ ಮುಟ್ಟಿತು ನೋಡಿ! ದಂಡಕ್ಕೆ ಹೆದರಿ ಅಲ್ಲದಿದ್ದರೂ ನೆರೆಮನೆಯವರ ಉಸಿರಿಗೆ ಹೆದರಿಯಾದರೂ ಕಡ್ಡಿಪೆಟ್ಟಿಗೆ ಕೆಳಗಿಡೋಣ.

ಮುಚ್ಚಿಗೆ ಹಾಕುವ ಕ್ರಮ

ಇದೇನೂ ಬ್ರಹ್ಮವಿದ್ಯೆಯಲ್ಲ. ಆದರೂ ಕ್ರಮ ತಪ್ಪಿದರೆ ಗಿಡಕ್ಕೆ ತೊಂದರೆಯಾದೀತು. ಒಂದೊಂದಾಗಿ ಹೇಳುತ್ತೇನೆ.

ಮೊದಲು ಎಲೆಯಲ್ಲಿ ಗಾಜು, ತಂತಿ, ಪ್ಲಾಸ್ಟಿಕ್ಕು ಇಲ್ಲದಂತೆ ಆರಿಸಿ. ಗಿಡದ ಬುಡದ ಕಳೆಯನ್ನು ಬೇರುಸಹಿತ ಕಿತ್ತುಹಾಕಿ. ಮಣ್ಣನ್ನು ಮೇಲೆ ಮೇಲೆ ಸ್ವಲ್ಪ ಕೆದಕಿ. ಆಮೇಲೆ ನೆಲ ಚೆನ್ನಾಗಿ ನೆನೆಯುವಷ್ಟು ನೀರು ಹಾಕಿ. ಇದನ್ನು ಮರೆಯಬೇಡಿ. ಒಣಗಿದ ನೆಲದ ಮೇಲೆ ಎಲೆ ಹೊದಿಸಿದರೆ ಅದು ಒಣಗಿದ ನೆಲವನ್ನೇ ಕಾಪಾಡಿಕೊಂಡು ಕೂತಿರುತ್ತದೆ! ನೆನೆದ ನೆಲವನ್ನು ಮುಚ್ಚಿದರೆ ಆ ತೇವ ಉಳಿಯುತ್ತದೆ.

ಒಣ ಎಲೆಯಾದರೆ ಸಡಿಲವಾಗಿ ಒಂದು ಗೇಣು ಹರಡಿ. ತಿಂಗಳೊಳಗೆ ಅದು ಕುಸಿದು ನಾಲ್ಕು ಬೆರಳು ದಪ್ಪಕ್ಕೆ ಇಳಿಯುತ್ತದೆ. ಅಷ್ಟಿದ್ದರೆ ಸಾಕು. ಕಡಿಮೆಯಾದಾಗ ಮೇಲೆ ಮೇಲೆ ಸೇರಿಸುತ್ತ ಹೋಗಿ. ಕುಂಡಗಳಿಗಾದರೆ ಎರಡು ಬೆರಳು ದಪ್ಪ ಸಾಕು. ಎಲೆಯನ್ನು ಕೈಯಲ್ಲಿ ಪುಡಿ ಮಾಡಿ ಹಾಕಿದರೆ ಗಾಳಿಗೆ ಹಾರುವುದಿಲ್ಲ.

ಕಾಂಡಕ್ಕೆ ಎಲೆ ತಾಗಬಾರದು. ಸುತ್ತ ಮೂರು ನಾಲ್ಕು ಬೆರಳು ಜಾಗ ಬಿಡಿ. ಕಾಂಡದ ಸುತ್ತ ಸದಾ ಒದ್ದೆ ಎಲೆ ಒತ್ತಿಕೊಂಡಿದ್ದರೆ ತೊಗಟೆ ಕೊಳೆಯುತ್ತದೆ. ಪಪ್ಪಾಯಿ, ಬದನೆ, ಟೊಮೇಟೊಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಬಳೆಯ ಹಾಗೆ ಹಾಕಬೇಕು, ಅಡ್ಡಿಕೆಯ ಹಾಗೆ ಕುತ್ತಿಗೆಗೆ ಬಿಗಿಯಬಾರದು.

ಹರಡಿದ ಮೇಲೆ ಎರಡು ತಂಬಿಗೆ ನೀರು ಚಿಮುಕಿಸಿ. ಸಗಣಿ ಸಿಗುವವರು ತೆಳ್ಳಗೆ ಬಗ್ಗಡ ಮಾಡಿ ಚೆಲ್ಲಿದರೆ ಎಲೆ ಬೇಗ ಮೆತ್ತಗಾಗುತ್ತದೆ. ತೆಂಗಿನ ಗರಿಯ ಒಂದೆರಡು ತುಂಡು ಮೇಲಿಟ್ಟರೆ ಗಾಳಿಗೂ ಹಾರದು, ಕೋಳಿ ಸಾಕಿದವರ ಮನೆಯಲ್ಲಿ ಕೋಳಿ ಕೆದರುವುದೂ ಕಡಿಮೆಯಾದೀತು.

ನೀರು ಹಾಕುವಾಗ ಒಂದು ಎಚ್ಚರಿಕೆ. ಮೇಲಿಂದ ಚಿಮುಕಿಸಿದರೆ ಎಲೆ ಮಾತ್ರ ನೆನೆಯುತ್ತದೆ, ಬೇರಿಗೆ ಹನಿಯೂ ಇಳಿಯುವುದಿಲ್ಲ. ಒಂದು ಕಡೆ ಎಲೆ ಸರಿಸಿ, ನಿಧಾನವಾಗಿ ಮಣ್ಣಿಗೇ ಹೊಯ್ಯಿರಿ, ಮತ್ತೆ ಮುಚ್ಚಿ. ದಿನಾ ಹಾಕುವ ಅಭ್ಯಾಸ ಬಿಡಿ. ಎಲೆಯಡಿಗೆ ಬೆರಳು ತೂರಿಸಿ ನೋಡಿ, ಬೆರಳಿನ ಎರಡು ಗೆಣ್ಣಿನ ಆಳಕ್ಕೆ ತೇವವಿದ್ದರೆ ಆ ದಿನ ಗಿಡಕ್ಕೆ ರಜ. ನಮ್ಮ ಮನೆಯ ಎರಡು ಮಲ್ಲಿಗೆ ಬಳ್ಳಿಗಳಲ್ಲಿ ಒಂದಕ್ಕೆ ಮುಚ್ಚಿಗೆ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು ನೋಡಿದ್ದೇನೆ. ಬರಿಬುಡದ್ದು ದಿನವೂ ಒಂದು ಬಿಂದಿಗೆ ಕೇಳುತ್ತಿತ್ತು. ಮುಚ್ಚಿಗೆಯದ್ದು ಮೂರು ದಿನಕ್ಕೊಮ್ಮೆ ಕೊಟ್ಟರೂ ಬಾಡಲಿಲ್ಲ. ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಇದಕ್ಕಿಂತ ದೊಡ್ಡ ಉಳಿತಾಯ ಯಾವುದು ಹೇಳಿ? ನಮ್ಮ ಯಜಮಾನರು ಈಗ ಎರಡನೆಯ ಬಳ್ಳಿಗೂ ಬುಟ್ಟಿ ಹಿಡಿದು ತಾವೇ ಎಲೆ ತಂದು ಸುರಿಯುತ್ತಾರೆ.

ಯಾವ ಎಲೆ, ಯಾವ ಹುಲ್ಲು?

ಹೊಂಗೆ, ಗ್ಲಿರಿಸಿಡಿಯಾ ಎರಡೂ ಬಹಳ ಒಳ್ಳೆಯವು. ದ್ವಿದಳ ಜಾತಿಯವಾದ್ದರಿಂದ ಸಾರಜನಕ ಹೆಚ್ಚು, ಬೇಗ ಕರಗುತ್ತವೆ. ಹುಣಸೆಯ ಎಲೆ ಸಣ್ಣದು, ಕುಂಡಗಳಿಗೆ ಹೇಳಿಮಾಡಿಸಿದ್ದು. ಬೇವಿನೆಲೆಯೂ ಆಗುತ್ತದೆ. ಮಾವು, ಹಲಸಿನ ಎಲೆ ಗಟ್ಟಿ, ಕರಗಲು ತಡ. ಆದರೆ ಹೊದಿಕೆಯಾಗಿ ಬಹಳ ದಿನ ಬಾಳುತ್ತವೆ. ತೇಗ, ಬಾದಾಮಿಯಂಥ ಅಗಲ ಎಲೆಗಳನ್ನು ಮಾತ್ರ ಹಾಗೇ ಹಾಕಬೇಡಿ. ಅವು ಒಂದರ ಮೇಲೊಂದು ಅಂಟಿಕೊಂಡು ಚಾಪೆಯಾಗಿ ಮಳೆನೀರನ್ನೂ ಕೆಳಗೆ ಬಿಡುವುದಿಲ್ಲ. ಹರಿದು ಅಥವಾ ತುಳಿದು ಪುಡಿಮಾಡಿ ಹಾಕಿ. ನೀಲಗಿರಿ, ಅಕೇಶಿಯಾ ಎಲೆಗಳು ಕರಗುವುದು ತೀರಾ ನಿಧಾನ. ಅವನ್ನು ಓಡಾಡುವ ದಾರಿಗೆ ಹಾಸಿ, ಹುಲ್ಲು ಏಳುವುದಿಲ್ಲ, ಕಾಲಿಗೆ ಕೆಸರೂ ಆಗುವುದಿಲ್ಲ.

ಹುಲ್ಲಿನ ವಿಷಯಕ್ಕೆ ಬರೋಣ. ಮಳೆಗಾಲದ ನಂತರ ಹಿತ್ತಲಲ್ಲಿ ಕೊಯ್ದ ಹಸಿ ಹುಲ್ಲನ್ನು ರಾಶಿ ಹಾಕಿದರೆ ಒಳಗೆ ಬಿಸಿಯಾಗಿ, ಲೋಳೆಗಟ್ಟಿ, ಹುಳಿವಾಸನೆ ಬರುತ್ತದೆ. ಒಂದೆರಡು ದಿನ ಬಿಸಿಲಿಗೆ ಹರಡಿ ಬಾಡಿಸಿ ಹಾಕಿ. ಇಲ್ಲವೇ ಒಂದು ಬೆರಳಿನಷ್ಟು ತೆಳ್ಳಗೆ ಹಾಕಿ, ಮೇಲೆ ಒಣ ಎಲೆ, ಮತ್ತೆ ತೆಳ್ಳಗೆ ಹುಲ್ಲು. ಒಣಗಿದ್ದು, ಹಸಿಯದ್ದು ಎರಡೂ ಕೂಡಿದರೆ ಕೋಸಂಬರಿಗೆ ಉಪ್ಪು ಹುಳಿ ಕೂಡಿದಂತೆ, ಹದವಾಗಿ ಕರಗುತ್ತದೆ. ಬೀಜ ಕಟ್ಟಿದ ಹುಲ್ಲನ್ನು ಮಾತ್ರ ಮುಚ್ಚಿಗೆಗೆ ತರಬೇಡಿ. ಕಳೆಯನ್ನು ನೀವೇ ಬಿತ್ತಿದಂತಾದೀತು. ಜೇಕು, ಗರಿಕೆ ಕಿತ್ತಾಗ ಗಡ್ಡೆ ಬೇರುಗಳನ್ನು ಬಂಡೆಯ ಮೇಲೆ ಪೂರ್ತಿ ಒಣಗಿಸಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಬರಿಗೈಯಲ್ಲಿ ಮುಟ್ಟಬೇಡಿ, ಹಲವರಿಗೆ ಅದರಿಂದ ಮೈ ತುರಿಕೆ, ಗುಳ್ಳೆ ಏಳುತ್ತವೆ.

ಮನೆ ಮುಂದೆ ಹುಲ್ಲುಹಾಸು ಬೆಳೆಸಿದವರು ಕತ್ತರಿಸಿದ ಹುಲ್ಲನ್ನು ಬಾಚಿ ಚೀಲಕ್ಕೆ ತುಂಬುವ ಅಗತ್ಯವೇ ಇಲ್ಲ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ, ಬಿದ್ದ ಚೂರುಗಳನ್ನು ಅಲ್ಲೇ ಬಿಡಿ. ಕೆಲವೇ ದಿನಗಳಲ್ಲಿ ಕಾಣದಂತೆ ಕರಗಿ ಅದೇ ಹುಲ್ಲಿಗೆ ಗೊಬ್ಬರವಾಗುತ್ತದೆ. ತಡಮಾಡಿ ಉದ್ದ ಬೆಳೆದದ್ದನ್ನು ಕೊಯ್ದು, ಗಂಟು ಗಂಟಾಗಿ ಬಿದ್ದರೆ ಅಷ್ಟನ್ನು ಮಾತ್ರ ಎತ್ತಿ ಗಿಡದ ಬುಡಕ್ಕೆ ಹಾಕಿ.

ದೇವರ ಮನೆಯ ನಿರ್ಮಾಲ್ಯವನ್ನು ಕಸದ ಗಾಡಿಗೆ ಹಾಕಲು ನಮ್ಮಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ. ದಾರ, ಜರಿ ಕಾಗದ ತೆಗೆದು, ಕಾಲು ತಾಗದ ಕಡೆ ಒಂದು ಗಿಡದ ಬುಡಕ್ಕೆ ಹಾಕಿ, ಮೇಲೆ ನಾಲ್ಕು ಒಣ ಎಲೆ ಮುಚ್ಚಿ. ಹಬ್ಬದ ತೋರಣದ ಮಾವಿನೆಲೆ, ಬಾಳೆಕಂಬ, ಹೋಳು ಮಾಡಿದ ಬಾಳೆದಿಂಡು ಎಲ್ಲಕ್ಕೂ ಅದೇ ಗತಿ, ಸದ್ಗತಿ.

ತೆಂಗಿನ ಮರವಿದ್ದವರು ಬುಡದಿಂದ ಐದಾರು ಅಡಿಯವರೆಗಿನ ಪಾತಿಗೆ ಗರಿ, ಎಲೆ, ಸಿಪ್ಪೆ ಹೊದಿಸಬಹುದು. ಸಿಪ್ಪೆಯನ್ನು ನೆಲದ ಮೇಲೆ ಹಾಸುವಾಗ ಉಬ್ಬಿದ ಭಾಗ ಮೇಲೆ ಬರಬೇಕು. ಬೋಗುಣಿಯಂತೆ ಇಟ್ಟರೆ ನೀರು ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತದೆ.

ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗಳು

“ಎಲೆ ಗುಡಿಸದ ಮನೆ ಅಂತ ಆಡಿಕೊಳ್ಳುವುದಿಲ್ಲವೇ?” ಈ ಅಳುಕು ನನಗೆ ಚೆನ್ನಾಗಿ ಗೊತ್ತು. ಹೆಣ್ಣಿನ ಗೃಹಕೃತ್ಯವನ್ನು ಅಂಗಳ ನೋಡಿ ಅಳೆಯುವ ಊರು ನಮ್ಮದು. ಅಂಗಳ ಗುಡಿಸುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ರಂಗೋಲಿಯ ಜಾಗ, ಓಡಾಡುವ ದಾರಿ ಕನ್ನಡಿಯಂತಿರಲಿ. ಗುಡಿಸಿದ್ದು ಗೇಟಿನಾಚೆ ಹೋಗದೆ ಗಿಡದ ಬುಡಕ್ಕೆ ಹೋಗಲಿ, ಅಷ್ಟೇ ವ್ಯತ್ಯಾಸ. ಪಾತಿಯ ಸುತ್ತ ಇಟ್ಟಿಗೆಯೋ, ಕಲ್ಲೋ, ತೆಂಗಿನ ಸಿಪ್ಪೆಯೋ ಒಂದು ಸಾಲು ಜೋಡಿಸಿದರೆ ಕಸದ ರಾಶಿಯೆಂದು ಯಾರೂ ಅನ್ನಲಾರರು. ಮಾಡಿದ್ದೆಂದು ಕಣ್ಣಿಗೆ ಕಾಣಬೇಕು. ನಮ್ಮತ್ತೆಯವರು ಮೊದಲು, “ಏನಿದು, ಮನೆ ತುಂಬ ಹಕ್ಕಿಗೂಡು ಕಟ್ಟಿಟ್ಟಿದ್ದೀಯಾ?” ಅಂದರು. ಮೇ ತಿಂಗಳಲ್ಲಿ ದೊಡ್ಡಪತ್ರೆ ನಳನಳಿಸಿ ನಿಂತಾಗ ಅವರೇ ತಂಬುಳಿಗೆ ಎಲೆ ಕೊಯ್ದು ತಂದರು. ಆಮೇಲೆ ಆ ಮಾತಿಲ್ಲ.

“ಹಾವು, ಚೇಳು ಸೇರುವುದಿಲ್ಲವೇ?” ಭಯ ಸಹಜ. ಹರಡಿದ ಮುಚ್ಚಿಗೆಗಿಂತ ಎತ್ತರದ ರಾಶಿ, ಕಲ್ಲು ಸೌದೆಯ ಗುಡ್ಡೆಯಲ್ಲೇ ಅವು ಆಸರೆ ಹುಡುಕುವುದು ಹೆಚ್ಚು. ಬಾಗಿಲು, ಬಚ್ಚಲು, ಮಕ್ಕಳು ಆಡುವ ಜಾಗದ ಹತ್ತಿರ ಹಾಕಬೇಡಿ. ಎಲೆ ಸರಿಸುವಾಗ ಮೊದಲು ಕೋಲಿನಿಂದ ಕೆದಕಿ, ಆಮೇಲೆ ಕೈ ಹಾಕಿ. ಕತ್ತಲಾದ ಮೇಲೆ ಆ ಕಡೆ ಕೆಲಸ ಬೇಡ.

“ಗೆದ್ದಲು ಹಿಡಿಯುತ್ತದಲ್ಲ?” ಬಯಲುಸೀಮೆಯಲ್ಲಿ ಇದು ನಿಜವಾದ ತೊಂದರೆ. ಒಣ ಎಲೆಯನ್ನು ಗೋಡೆಗೆ, ಮರದ ಬಾಗಿಲುಚೌಕಟ್ಟಿಗೆ ತಾಗುವಂತೆ ಹಾಕಬೇಡಿ, ಎರಡು ಅಡಿ ದೂರವಿರಲಿ. ಸ್ವಲ್ಪ ಬೇವಿನ ಹಿಂಡಿ ಬೆರೆಸಿ. ವಾರಕ್ಕೊಮ್ಮೆ ಎಲೆಯೆತ್ತಿ ನೋಡಿ, ಮಣ್ಣಿನ ಗೆರೆ ಕಂಡರೆ ಆ ಜಾಗದ ಎಲೆ ತೆಗೆದು ಹರಡಿಬಿಡಿ. ಎಳೆಯ ಸಸಿಗಳ ಬುಡದಲ್ಲಿ ಹೆಚ್ಚು ನಿಗಾ ಇರಲಿ.

“ಮಳೆಗಾಲದಲ್ಲಿ ಏನು ಮಾಡುವುದು?” ಕರಾವಳಿ, ಮಲೆನಾಡಿನಲ್ಲಿ ಜೂನ್ ಹೊತ್ತಿಗೆ ದಪ್ಪ ಮುಚ್ಚಿಗೆ ಬಸವನಹುಳುವಿಗೆ ಅರಮನೆಯಾಗುತ್ತದೆ. ಹುಳುವಿನ ಕಾಟವಿರುವ ಕಡೆ, ನೀರು ನಿಲ್ಲುವ ಕಡೆ ಎಲೆಯನ್ನು ತೆಳ್ಳಗೆ ಮಾಡಿ, ಉಳಿದದ್ದನ್ನು ಒಂದು ಮೂಲೆಗೆ ಒಟ್ಟಿ. ಬಯಲುಸೀಮೆಯಲ್ಲಿ ಮಾತ್ರ ಮಳೆಗೂ ಮುಚ್ಚಿಗೆ ಬೇಕು. ದಪ್ಪ ಹನಿ ಬರಿನೆಲಕ್ಕೆ ಬಡಿದು ಮಣ್ಣು ಕೊಚ್ಚಿಹೋಗುವುದನ್ನು, ಕೆಸರು ಎಲೆಗಳಿಗೆ ಸಿಡಿಯುವುದನ್ನು ಅದು ತಡೆಯುತ್ತದೆ.

“ಸೊಪ್ಪು ಬಿತ್ತಿದ ಮಡಿಗೂ ಹಾಕಬಹುದೇ?” ಬೀಜ ಮೊಳೆಯುವ ಮೊದಲು ದಪ್ಪಗೆ ಹಾಕಿದರೆ ದಂಟು, ಮೆಂತ್ಯದ ಎಳೆ ಮೊಳಕೆ ಮೇಲೆ ಬರಲಾರದು. ಸಸಿ ಗೇಣುದ್ದ ಆದ ಮೇಲೆ ಸಾಲಿನ ನಡುವೆ ಹಾಕಿ. ಮತ್ತೊಂದು ಮಾತು. ಒಣ ಎಲೆಯನ್ನು ಮಣ್ಣಿನೊಳಗೆ ಅಗೆದು ಸೇರಿಸಬೇಡಿ. ಅದು ಕರಗುವಾಗ ಮಣ್ಣಿನ ಸಾರಜನಕವನ್ನು ಕೆಲಕಾಲ ಎಳೆದುಕೊಂಡು ಗಿಡ ಹಳದಿಯಾಗಬಹುದು. ಮೇಲೆ ಹೊದಿಸಿದರೆ ಈ ಕಾಟ ಅಷ್ಟಾಗಿ ಇಲ್ಲ. ಎರೆಹುಳು ತಾನೇ ಅಷ್ಟಷ್ಟೇ ಒಳಗೆ ಎಳೆದುಕೊಳ್ಳುತ್ತದೆ.

ಎಲೆ ಹೆಚ್ಚಾಗಿ ಉಳಿದರೆ

ಎಲ್ಲ ಗಿಡಕ್ಕೂ ಹಾಕಿ ಇನ್ನೂ ಉಳಿಯಿತೇ? ಹಿತ್ತಲಲ್ಲಿ ನಾಲ್ಕು ಗೂಟ ನೆಟ್ಟು ಕೋಳಿ ಜಾಲರಿ ಸುತ್ತಿ, ಅದರೊಳಗೆ ಎಲೆ ತುಂಬುತ್ತ ಹೋಗಿ. ಬಾಡಿಗೆ ಮನೆಯವರು, ಜಾಗವಿಲ್ಲದವರು ಹಳೆಯ ಸಿಮೆಂಟ್ ಚೀಲಕ್ಕೆ ಹತ್ತಾರು ತೂತು ಮಾಡಿ, ಎಲೆ ತುಂಬಿ ನೀರು ಚಿಮುಕಿಸಿ ಬಾಯಿ ಕಟ್ಟಿ ನೆರಳಲ್ಲಿಡಿ. ಈ ಚೀಲ ಗೇಟಿನಾಚೆ ಹೋಗುವುದಿಲ್ಲ, ನೆನಪಿರಲಿ! ಹದಿನೈದು ದಿನಕ್ಕೊಮ್ಮೆ ನೋಡಿ. ಹಿಂಡಿದ ಬಟ್ಟೆಯಷ್ಟು ತೇವವಿದ್ದರೆ ಸರಿ, ಒಣಗಿದ್ದರೆ ನೀರು ಕೊಡಿ. ಎಲೆಯ ಜಾತಿಯ ಮೇಲೆ ಆರು ತಿಂಗಳಿಂದ ಒಂದು ವರ್ಷದೊಳಗೆ ಕಾಫಿಪುಡಿಯ ಬಣ್ಣದ, ಮೊದಲ ಮಳೆಯ ವಾಸನೆಯ ಎಲೆಗೊಬ್ಬರ ಸಿಗುತ್ತದೆ. ಕುಂಡದ ಮಣ್ಣಿಗೆ ಮೂರನೇ ಒಂದು ಪಾಲು ಬೆರೆಸಿದರೆ ಮಣ್ಣು ಗಟ್ಟಿಯಾಗದೆ ನೀರು ಹಿಡಿದಿಟ್ಟುಕೊಳ್ಳುತ್ತದೆ.

ನೆನಪಿಡಬೇಕಾದದ್ದು ಇಷ್ಟು

1. ಮೊದಲು ನೀರು, ಆಮೇಲೆ ಎಲೆ.
2. ನೆಲದಲ್ಲಿ ನಾಲ್ಕು ಬೆರಳು, ಕುಂಡದಲ್ಲಿ ಎರಡು ಬೆರಳು ದಪ್ಪ.
3. ಕಾಂಡದಿಂದ ಮೂರು ನಾಲ್ಕು ಬೆರಳು, ಗೋಡೆಯಿಂದ ಎರಡು ಅಡಿ ದೂರ.
4. ಹಸಿ ಹುಲ್ಲು ಬಾಡಿಸಿ ಅಥವಾ ತೆಳ್ಳಗೆ. ಬೀಜವಿರುವ ಕಳೆ ಬೇಡ.
5. ಅಗಲ ಎಲೆ ಹರಿದು ಹಾಕಿ. ನೀರು ನಿಲ್ಲುವ ಚಿಪ್ಪು, ಹಾಳೆ ಮಗುಚಿಡಿ.
6. ಕೋಲು ಮೊದಲು, ಕೈ ಆಮೇಲೆ.

ಸೋದರಿಯರೇ, ಇಡೀ ಹಿತ್ತಲಿಗೆ ಒಂದೇ ದಿನ ಮಾಡಬೇಕೆಂದಿಲ್ಲ. ಈ ಸಂಚಿಕೆ ಓದಿ ಕೆಳಗಿಟ್ಟು, ನಾಳೆ ಬೆಳಿಗ್ಗೆ ಗುಡಿಸಿದ ಒಂದು ಬುಟ್ಟಿ ಎಲೆಯನ್ನು ಒಂದೇ ಒಂದು ಗಿಡಕ್ಕೆ ಹಾಕಿ. ಕರಿಬೇವಿಗೋ, ದಾಸವಾಳಕ್ಕೋ, ನಿಂಬೆಗೋ, ನಿಮ್ಮಿಷ್ಟ. ಯುಗಾದಿಯ ದಿನ ಬೇವು ಬೆಲ್ಲ ತಿಂದು ಹಿತ್ತಲಿಗೆ ಹೋಗಿ, ಆ ಎಲೆ ಸರಿಸಿ ಮಣ್ಣು ಮುಟ್ಟಿ ನೋಡಿ. ಪಕ್ಕದ ಬರಿನೆಲವನ್ನೂ ಮುಟ್ಟಿ ನೋಡಿ. ಆಮೇಲೆ ನಾನು ಹೇಳುವುದೇನೂ ಉಳಿದಿರುವುದಿಲ್ಲ, ನಿಮ್ಮ ಬೆರಳೇ ಹೇಳುತ್ತದೆ. ನಿಮ್ಮ ಬೀದಿಯಲ್ಲಿ ಎಲೆ ಸುಡುವವರಿದ್ದರೆ ಜಗಳವಾಡದೆ, ಒಂದು ಖಾಲಿ ಬುಟ್ಟಿ ಹಿಡಿದುಕೊಂಡು ಹೋಗಿ ಕೇಳಿ. ಎಲೆ ಕೊಡುವುದಿಲ್ಲ ಎನ್ನುವವರು ಯಾರೂ ಸಿಗಲಾರರು.

ಮುಂದಿನ ಸಂಚಿಕೆಯಲ್ಲಿ ಬೇಸಿಗೆಗೆ ಬಾಡದಂತೆ ಕರಿಬೇವನ್ನು ಸವರುವ ಕ್ರಮ, ಜೊತೆಗೆ ಸವರಿದ ಸೊಪ್ಪಿನಿಂದ ಮಾಡುವ ಚಟ್ನಿಪುಡಿ. ಅಲ್ಲಿಯವರೆಗೆ ನಮಸ್ಕಾರ.